ಮುದಿ ಡಿಸ್ಕುಗಳ ವಿಚಾರ

(ನಮ್ಮ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ)



ಈ ಮೇಜಿನ ಹಿಂದೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಸಾಹಿತಿಗಳು, ಇಲ್ಲವೆ ಊರಿನಿಂದ ಬಂದ ಪ್ರಾಧ್ಯಾಪಕರು. ನಾನು ಎರಡೂ ಅಲ್ಲ. ಒಂದು ಸಾಗಣೆ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿದವನು. ಕೊನೆಯ ಹದಿನೈದು ವರ್ಷ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸವೂ, ಬೇರೆ ಯಾರೂ ಸಿಗದ ಕಾರಣ, ನನ್ನ ತಲೆಗೇ ಬಂತು. ಇಷ್ಟೇ ನನ್ನ ಅರ್ಹತೆ. ತಪ್ಪಿದ್ದರೆ ಹಿಂದಿನ ಸಾಲಿನಲ್ಲಿ ಕುಳಿತ ಎಳೆಯರು ತಿದ್ದಬೇಕು. ಅವರಿಗೆ ನನಗಿಂತ ಹೆಚ್ಚು ಗೊತ್ತಿದ್ದೀತು.

ಕಳೆದ ತಿಂಗಳು ಸಮಿತಿಯವರು ವಾಚನಾಲಯದ ಕಂಪ್ಯೂಟರನ್ನು ಒಮ್ಮೆ ನೋಡಿಕೊಡಿ ಎಂದರು. ನೋಡಿದೆ. ಅದರೊಳಗಿನ ಹಾರ್ಡ್ ಡಿಸ್ಕಿಗೆ ಹನ್ನೊಂದು ವರ್ಷ. ಅದರಲ್ಲಿರುವುದು ನಮ್ಮ ವಾರ್ತಾಪತ್ರದ ಹಳೆಯ ಸಂಚಿಕೆಗಳು. ಅವುಗಳ ಕಾಗದದ ಪ್ರತಿಗಳು ೨೦೦೫ರ ಮಳೆಯಲ್ಲಿ ನೆನೆದು, ಒಣಗಿಸಿದರೂ ಒಂದಕ್ಕೊಂದು ಅಂಟಿಕೊಂಡು, ಉಳಿದಷ್ಟನ್ನು ಸದಸ್ಯರು ರಜೆಯ ದಿನಗಳಲ್ಲಿ ಕುಳಿತು ಸ್ಕ್ಯಾನ್ ಮಾಡಿದರು. ಆಮೇಲೆ ಕಾಗದವನ್ನು ರದ್ದಿಗೆ ಹಾಕಿದರು. ನಮ್ಮ ನಾಟಕಗಳ ಫೋಟೋಗಳೂ ಅಲ್ಲೇ ಇವೆ. “ಇದರ ಇನ್ನೊಂದು ಪ್ರತಿ ಎಲ್ಲಿದೆ?” ಎಂದು ಕೇಳಿದೆ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವತ್ತಿನ ಮಾತಿಗೆ ಅದೇ ಕಾರಣ.

ಆದರೆ ಅವರನ್ನು ನಾನು ಆಕ್ಷೇಪಿಸಲಾರೆ. ಅದೇ ತಪ್ಪನ್ನು ನಾನೇ ಮಾಡಿದ್ದೇನೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

೨೦೧೪ರಲ್ಲಿ ಡೊಂಬಿವಲಿಯ ಒಂದು ಖೋಲಿಯಲ್ಲಿ ನಾವು ಆರು ಜನ ಇದ್ದೆವು. ಎಲ್ಲರ ಸಂಸಾರವೂ ಊರಿನಲ್ಲಿ. ಇಬ್ಬರು ಹೋಟೆಲಿನವರು, ಒಬ್ಬ ಕೊರಿಯರಿನವ, ಇಬ್ಬರು ಬ್ಯಾಂಕಿನಲ್ಲಿ, ನಾನೊಬ್ಬ. ಎಲ್ಲರೂ ಸೇರಿ ಇಂಟರ್ನೆಟ್ ಹಾಕಿಸಿಕೊಂಡೆವು. ಬಂದ ರೌಟರಿನ ಬೆನ್ನಿಗೆ ಯುಎಸ್‌ಬಿ ಚುಚ್ಚುವ ಒಂದು ಕಿಂಡಿ ಇತ್ತು. ಅಲ್ಲಿಗೆ ಡಿಸ್ಕನ್ನು ಸಿಕ್ಕಿಸಿದರೆ ಖೋಲಿಯಲ್ಲಿರುವ ಎಲ್ಲ ಫೋನುಗಳಿಗೂ ಅದು ಕಾಣಿಸುತ್ತದೆ ಎಂದು ನಾನು ಓದಿ ತಿಳಿದಿದ್ದೆ. ತಲಾ ಇಷ್ಟು ಎಂದು ವಂತಿಗೆ ಎತ್ತಿ ಒಂದು ಟೆರಾಬೈಟಿನ ಡಿಸ್ಕು ತಂದು ಸಿಕ್ಕಿಸಿದೆ, ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು ಮಾಡಿಕೊಟ್ಟೆ. ಆಗಿನ ಫೋನುಗಳಲ್ಲಿ ಜಾಗ ಬಹಳ ಕಡಿಮೆ. “ಫೋನು ತುಂಬಿತೆ? ಇಲ್ಲಿಗೆ ಸುರಿಯಿರಿ, ಅಲ್ಲಿ ಅಳಿಸಿ” ಎಂದು ಎಲ್ಲರಿಗೂ ಹೇಳಿದವನು ನಾನು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಖೋಲಿಯಲ್ಲಿ ಎಲ್ಲರಿಗಿಂತ ಕಿರಿಯವ ಕುಂದಾಪುರದ ಕಡೆಯವನು, ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವವ. ೨೦೧೬ರಲ್ಲಿ ಅವನಿಗೆ ಮಗಳು ಹುಟ್ಟಿದಳು. ವರ್ಷಕ್ಕೆ ಎರಡು ಸಲ ಊರಿಗೆ ಹೋಗುವವನಿಗೆ ಮಗು ಬೆಳೆಯುವುದು ಕಾಣುತ್ತಿದ್ದುದು ಹೆಂಡತಿ ಕಳಿಸುವ ವಿಡಿಯೋಗಳಲ್ಲಿ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದವನು ಅವನ್ನು ನೋಡಿ, ಡಿಸ್ಕಿಗೆ ಹಾಕಿ, ನಾನು ಹೇಳಿದಂತೆ ಫೋನಿನಿಂದ ಅಳಿಸಿ ಮಲಗುತ್ತಿದ್ದ. ಆ ಹೆಣ್ಣುಮಗಳೂ ನಡುವೆ ಫೋನು ಬದಲಾಯಿಸಿದಳು.

೨೦೨೦ರ ಮಾರ್ಚಿನಲ್ಲಿ ಎಲ್ಲ ನಿಂತಾಗ ಸಿಕ್ಕ ಸಿಕ್ಕ ವಾಹನ ಹಿಡಿದು ಊರಿಗೆ ಹೋದೆವು. ಖೋಲಿಗೆ ಬೀಗ. ರೌಟರು ಆರಿಸುವ ಯೋಚನೆ ಯಾರಿಗೂ ಬರಲಿಲ್ಲ. ಬೀಗ ಹಾಕಿದ ಖೋಲಿಯಲ್ಲಿ ಡಿಸ್ಕು ತಿಂಗಳುಗಟ್ಟಲೆ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಮರುವರ್ಷ ಆಗಸ್ಟಿನ ಒಂದು ರಾತ್ರಿ ಕಪಾಟಿನ ಹಿಂದಿನಿಂದ ಟಕ್, ಟಕ್ ಎಂಬ ಸದ್ದು. ಹಲ್ಲಿಯೆಂದುಕೊಂಡೆ. ಬೆಳಿಗ್ಗೆ ಫೋಲ್ಡರುಗಳು ತೆರೆಯಲಿಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ಅವಿವೇಕ. ನಾಲ್ಕು ಸಲ ಕಿತ್ತು ಸಿಕ್ಕಿಸಿದೆ. ಕಂಪ್ಯೂಟರಿಗೆ ಹಾಕಿದಾಗ “ಸರಿಪಡಿಸಲೆ?” ಎಂದು ಅದು ಕೇಳಿತು, ಹೂಂ ಎಂದು ಒತ್ತಿ ಇಡೀ ರಾತ್ರಿ ಬಿಟ್ಟೆ. ಸಾಯುತ್ತಿರುವ ಡಿಸ್ಕನ್ನು ಸರಿಪಡಿಸಲು ಹಚ್ಚುವುದೆಂದರೆ ಕಾಲು ಮುರಿದವನನ್ನು ಏಣಿ ಹತ್ತಿಸಿದಂತೆ ಎಂದು ನನಗೆ ತಿಳಿದಿರಲಿಲ್ಲ. ಕಡೆಗೆ ಈ ಕಸುಬು ಬಲ್ಲ ಒಬ್ಬರ ಕೈಗೆ ಕೊಟ್ಟಾಗ ಮುಕ್ಕಾಲು ಪಾಲು ಸಿಕ್ಕಿತು. ಸಿಗದೆ ಹೋದ ಕಾಲುಪಾಲಿನಲ್ಲಿ ಆ ಮಗುವಿನ ಮೊದಲ ಎರಡು ವರ್ಷಗಳ ಹೆಚ್ಚಿನ ಭಾಗ ಸೇರಿತ್ತು. ಒಂದು ವಿಡಿಯೋ ಉಳಿದಿದೆ. ಮಗು ಬಾಗಿಲ ಚೌಕಟ್ಟು ಹಿಡಿದು ನಿಂತಿದೆ, ಕೈ ಬಿಡುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಹುಡುಗ ನನಗೆ ಒಂದು ಮಾತೂ ಆಡಲಿಲ್ಲ. “ಹೋಗಲಿ ಬಿಡಿ ಅಣ್ಣಾ, ನೀವೇನು ಬೇಕೆಂದು ಮಾಡಿದಿರಾ” ಎಂದ. ಬೈದಿದ್ದರೆ ಚೆನ್ನಾಗಿತ್ತು.

ಈಗ ಡಿಸ್ಕೆಂದರೆ ಏನು ಎಂಬುದನ್ನು ಸ್ವಲ್ಪ ನೋಡೋಣ. ಮೊದಲ ಹಾರ್ಡ್ ಡಿಸ್ಕು ಬಂದದ್ದು ೧೯೫೬ರಲ್ಲಿ, ಐಬಿಎಂ ಕಂಪನಿಯ ರಾಮಾಕ್ ಎಂಬ ಯಂತ್ರದ ಜೊತೆಗೆ. ಎರಡಡಿ ಅಗಲದ ಐವತ್ತು ತಟ್ಟೆಗಳು. ತೂಕ ಒಂದು ಟನ್ನಿಗೂ ಹೆಚ್ಚು. ಅಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳನ್ನು, ಎಂದರೆ ಇಂದಿನ ಫೋನಿನ ಒಂದೇ ಒಂದು ಫೋಟೋದಷ್ಟು. ಈಗಿನದು ಅಂಗೈಯಲ್ಲಿ ಹಿಡಿಯುವಂಥದು. ಆದರೆ ಒಳಗಿನ ತತ್ವ ಅದೇ. ಕಾಂತದ ಲೇಪವಿರುವ ತಟ್ಟೆ ತಿರುಗುತ್ತದೆ. ಒಂದು ತೋಳಿನ ತುದಿಯ ಹೆಡ್ಡು ಅದರ ಮೇಲೆ ಸುಳಿದಾಡುತ್ತ ಬರೆಯುತ್ತದೆ, ಓದುತ್ತದೆ. ತಟ್ಟೆ ನಿಮಿಷಕ್ಕೆ ೫,೪೦೦ ಸುತ್ತೋ ೭,೨೦೦ ಸುತ್ತೋ ತಿರುಗುವುದು ವಾಡಿಕೆ. ಎರಡನೆಯದಾದರೆ ಸೆಕೆಂಡಿಗೆ ೧೨೦ ಸುತ್ತು. ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ಗಾಳಿಯ ತೆಳುಪದರದ ಮೇಲೆ ಕೆಲವೇ ನ್ಯಾನೋಮೀಟರು ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರು ಎಂದರೆ ಈ ಅಂತರ ಎಷ್ಟು ಸಣ್ಣದೆಂದು ತಾವೇ ಊಹಿಸಬಹುದು. ಓಡುತ್ತಿರುವಾಗ ಮೇಜಿನಿಂದ ಬಿದ್ದರೆ ಏಕೆ ಕೆಡುತ್ತದೆಂಬುದೂ ಇದರಿಂದ ತಿಳಿಯುತ್ತದೆ.

ಹಾಗಾಗಿ ಇದು ಪುಸ್ತಕವಲ್ಲ, ಯಂತ್ರ. ಯಂತ್ರ ಸವೆಯುತ್ತದೆ. ನಮ್ಮ ವಾಚನಾಲಯಕ್ಕೆ ಬರುತ್ತಿದ್ದ ಒಬ್ಬ ಹಿರಿಯರು ೧೯೮೨ರ ಮುಷ್ಕರದ ತನಕ ಗಿರಣಿಯಲ್ಲಿದ್ದವರು. ಸ್ಪಿಂಡಲಿನ ಸದ್ದು ಬದಲಾದರೆ ಕಣ್ಣು ಮುಚ್ಚಿಕೊಂಡೇ ಯಾವುದೆಂದು ಹೇಳುತ್ತಿದ್ದೆ ಎನ್ನುತ್ತಿದ್ದರು. ಡಿಸ್ಕಿನಲ್ಲಿಯೂ ಸದ್ದು ಬದಲಾಗುವುದುಂಟು. ಆದರೆ ಕಿವಿಗೆ ಕೇಳುವ ಹೊತ್ತಿಗೆ ಬಹಳ ಮಟ್ಟಿಗೆ ಕಾಲ ಮಿಂಚಿರುತ್ತದೆ. ಅದಕ್ಕೆ ಮೊದಲೇ ಅದು ಗುಟ್ಟಾಗಿ ಒಂದು ಲೆಕ್ಕ ಬರೆದಿಟ್ಟುಕೊಳ್ಳುತ್ತಿರುತ್ತದೆ.

ಆ ಲೆಕ್ಕ ಗುಮಾಸ್ತರಿಗೆ ಸುಲಭವಾಗಿ ಅರ್ಥವಾಗುವಂಥದು. ಒಂದು ದೊಡ್ಡ ರಿಜಿಸ್ಟರು ಎಂದಿಟ್ಟುಕೊಳ್ಳಿ. ಕೊನೆಯಲ್ಲಿ ಕೆಲವು ಖಾಲಿ ಹಾಳೆ ಬಿಟ್ಟಿದೆ. ನಡುವಿನ ಒಂದು ಹಾಳೆ ಹರಿದರೆ, ಅದರ ಬದಲು ಕೊನೆಯ ಖಾಲಿ ಹಾಳೆಯಲ್ಲಿ ಬರೆದು, “ಇಷ್ಟನೆಯ ಪುಟಕ್ಕೆ ಅಲ್ಲಿ ನೋಡಿ” ಎಂದು ಗುರುತು ಹಾಕುತ್ತೇವೆ. ಡಿಸ್ಕು ಮಾಡುವುದೂ ಇದನ್ನೇ. ಹೀಗೆ ಬದಲಾಯಿಸಿದ ಪುಟಗಳೆಷ್ಟು ಎಂಬುದು ಅದರ ಲೆಕ್ಕದಲ್ಲಿ ೫ನೆಯ ಬಾಬು. ಓದಲು ಹೋಗಿ ಓದಲಾಗದೆ, ಏನು ಮಾಡುವುದೆಂದು ತೀರ್ಮಾನವಾಗದೆ ಬಾಕಿ ಉಳಿದಿರುವ ಪುಟಗಳು ೧೯೭ನೆಯ ಬಾಬು. ೯ನೆಯ ಬಾಬು ಎಷ್ಟು ಗಂಟೆ ಓಡಿದೆ ಎಂಬುದು. ೧೯೯ನೆಯದು ಏರಿದರೆ ಹೆದರಬೇಡಿ. ಹಲವು ವೇಳೆ ಅದು ಕೇಬಲಿನ ದೋಷ, ಹತ್ತಿಪ್ಪತ್ತು ರೂಪಾಯಿಯಲ್ಲದಿದ್ದರೂ ನೂರಿನ್ನೂರರಲ್ಲಿ ಮುಗಿಯುತ್ತದೆ. ಈ ಲೆಕ್ಕಕ್ಕೆ ಸ್ಮಾರ್ಟ್ ಎಂದು ಹೆಸರು. ಅದನ್ನು ಓದಿ ತೋರಿಸಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಪುಕ್ಕಟೆ ಪ್ರೋಗ್ರಾಮು ವಿಂಡೋಸಿಗೆ ಉಂಟು; ಲಿನಕ್ಸಿನವರಿಗೆ ಸ್ಮಾರ್ಟ್‌ಮನ್‌ಟೂಲ್ಸ್ ಉಂಟು. ಒಂದು ಎಚ್ಚರಿಕೆ: ಮೊದಲನೆಯದು ಕೊನೆಯ ಕಾಲಮಿನ ಅಂಕಿಗಳನ್ನು ತಾನಾಗಿ ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ ಹತ್ತು ಎಂದು ಕಂಡರೆ ಅದು ನಮ್ಮ ಹದಿನಾರು. ನಾನೇ ಆರು ತಿಂಗಳು ತಪ್ಪು ಓದಿದ್ದೇನೆ.

ಇಲ್ಲಿ ನಮ್ಮ ಖೋಲಿಯ ಕಥೆಗೆ ಬನ್ನಿ. ರೌಟರಿನ ಬೆನ್ನಿಗೆ ಸಿಕ್ಕಿಸಿದ ಡಿಸ್ಕು ಈ ಲೆಕ್ಕವನ್ನು ಬರೆಯುತ್ತಲೇ ಇತ್ತು. ಆದರೆ ನಮ್ಮ ರೌಟರು ಅದನ್ನು ಯಾರಿಗೂ ತೋರಿಸುವಂಥದಲ್ಲ. ಮನೆಯ ಜಾಲದಲ್ಲಿ ಮೂಲೆಗಿಟ್ಟ ಡಿಸ್ಕಿನ ದೊಡ್ಡ ಕಷ್ಟ ಇದೇ. ಅದು ಎಲ್ಲರದೂ ಆಗಿರುವುದರಿಂದ ಯಾರದೂ ಅಲ್ಲ. ಎಲ್ಲರೂ ಅದಕ್ಕೆ ಹಾಕುತ್ತಾರೆ, ಯಾರೂ ಹಿಂದಿನದನ್ನು ತೆಗೆದು ನೋಡುವುದಿಲ್ಲ. ಕೆಟ್ಟ ಪುಟ ಕೆಟ್ಟಿದೆ ಎಂದು ಗೊತ್ತಾಗುವುದು ಸಾಮಾನ್ಯವಾಗಿ ಅದನ್ನು ಓದಲು ಹೋದಾಗ. ೨೦೧೬ರ ಫೋಲ್ಡರನ್ನು ೨೦೨೧ರ ತನಕ ಯಾರೂ ಪೂರ್ತಿ ತೆರೆಯದಿದ್ದರೆ ಅದು ಯಾವಾಗ ಕೆಟ್ಟಿತೆಂದು ಹೇಳುವವರು ಯಾರು? ನಮ್ಮ ಕಪಾಟಿನ ಮೇಲಿನ ಹಲಗೆಯ ಪುಸ್ತಕಗಳಿಗೆ ಗೆದ್ದಲು ಹಿಡಿದದ್ದು ಹೀಗೆಯೇ ಅಲ್ಲವೆ? ಕೆಳಗಿನ ಹಲಗೆಯ ಕಾದಂಬರಿಗಳು ಕೈಯಿಂದ ಕೈಗೆ ಹೋಗಿ ಹರಿದವು, ಗೆದ್ದಲಂತೂ ಹಿಡಿಯಲಿಲ್ಲ.

ಆದುದರಿಂದ ವರ್ಷಕ್ಕೆ ಎರಡು ಸಲವಾದರೂ ಆ ಡಿಸ್ಕನ್ನು ಮೂಲೆಯಿಂದ ತೆಗೆದು ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸಿ, ಲೆಕ್ಕ ನೋಡಿ, ಮೊದಲಿನಿಂದ ಕೊನೆಯ ತನಕ ಒಂದು ಸಲ ಓದಿಸಬೇಕು. ಡಿಸ್ಕೇ ತನ್ನನ್ನು ಪೂರ್ತಿ ಓದಿಕೊಳ್ಳುವ ದೀರ್ಘ ಪರೀಕ್ಷೆಯ ಏರ್ಪಾಡು ಅದರಲ್ಲಿರುತ್ತದೆ. ಕೆಲವು ಗಂಟೆ ಹಿಡಿಯುತ್ತದೆ, ನಾವು ಕೂತು ಕಾಯಬೇಕಿಲ್ಲ.

ಲೆಕ್ಕ ಶುದ್ಧವಾಗಿದ್ದರೆ ನಿಶ್ಚಿಂತೆಯೆ? ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ೨೦೦೭ರಲ್ಲಿ ಗೂಗಲ್ ಕಂಪನಿಯ ಮೂವರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅನುಭವವನ್ನು ಪ್ರಬಂಧ ಮಾಡಿ ಪ್ರಕಟಿಸಿದರು. ಡಿಸ್ಕು ತನ್ನನ್ನು ತಾನು ತಪಾಸಣೆ ಮಾಡಿಕೊಳ್ಳುವಾಗ ಮೊದಲ ದೋಷ ಕಂಡರೆ, ಮುಂದಿನ ೬೦ ದಿನಗಳಲ್ಲಿ ಅದು ಸಾಯುವ ಸಂಭವ ದೋಷವಿಲ್ಲದ ಡಿಸ್ಕಿಗಿಂತ ೩೯ ಪಟ್ಟು ಹೆಚ್ಚು ಎಂದು ಕಂಡಿತು. ಅಂದರೆ ಲೆಕ್ಕ ಎಚ್ಚರಿಸಿದರೆ ಕೂಡಲೇ ನಂಬಬೇಕು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತೂ ಇದೆ: ಸತ್ತ ಡಿಸ್ಕುಗಳಲ್ಲಿ ನೂರಕ್ಕೆ ೩೬ಕ್ಕೂ ಹೆಚ್ಚು, ಶಾಖವೊಂದನ್ನು ಬಿಟ್ಟರೆ, ಯಾವ ಬಾಬಿನಲ್ಲಿಯೂ ಏನನ್ನೂ ತೋರಿಸದೆ ಸತ್ತವು. ಲೆಕ್ಕ ಸುಮ್ಮನಿದ್ದರೆ ನಂಬಬಾರದು.

ಅದೇ ವರ್ಷ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಇಬ್ಬರು ಇನ್ನೊಂದು ಲಕ್ಷದಷ್ಟು ಡಿಸ್ಕುಗಳ ವಿಷಯ ಬರೆದರು. ಕಂಪನಿಗಳು ಕೊಡುವ ಕಾಗದದಲ್ಲಿ ‘ಸರಾಸರಿ ಹತ್ತು ಲಕ್ಷ ಗಂಟೆ’ ಎಂದಿರುತ್ತದೆ. ಭಾಗಿಸಿ ನೋಡಿ, ೧೧೪ ವರ್ಷವಾಗುತ್ತದೆ! ಅದರ ನಿಜವಾದ ಅರ್ಥ ವರ್ಷಕ್ಕೆ ನೂರರಲ್ಲಿ ಒಂದಕ್ಕಿಂತಲೂ ಕಡಿಮೆ ಸಾಯುತ್ತವೆ ಎಂದು. ಆ ಸಂಶೋಧಕರಿಗೆ ಕಂಡದ್ದು ಬಹಳ ಕಡೆ ನೂರಕ್ಕೆ ಎರಡರಿಂದ ನಾಲ್ಕು. ಒಂದೆರಡು ಕಡೆ ಹದಿಮೂರರ ತನಕ. ಈಚಿನವು ಇನ್ನೂ ಗಟ್ಟಿ ಎನ್ನುವವರಿದ್ದಾರೆ, ಇರಲಿ. ನೂರು ಡಿಸ್ಕು ಇಟ್ಟವನಿಗೆ ನೂರಕ್ಕೆ ಎರಡು ಎಂಬುದು ಒಂದು ಲೆಕ್ಕ. ಒಂದೇ ಇಟ್ಟವನಿಗೆ ಅದು ಉಂಟು, ಇಲ್ಲವೆ ಇಲ್ಲ.

ಹಾಗಾದರೆ ಎರಡು ಡಿಸ್ಕು ಇರುವ ಪೆಟ್ಟಿಗೆ ತಂದರಾಯಿತಲ್ಲ ಎಂದು ಕಳೆದ ವಾರ ಒಬ್ಬ ಮಿತ್ರರು ಕೇಳಿದರು. ಅಂಗಡಿಯವರು ಅದನ್ನು ನಾಸ್ ಎನ್ನುತ್ತಾರೆ. ಒಂದಕ್ಕೆ ಬರೆದದ್ದು ಆ ಕ್ಷಣವೇ ಇನ್ನೊಂದಕ್ಕೂ ಬರೆಯಲ್ಪಡುತ್ತದೆ. ಹಲವು ಅಗ್ಗದ ಡಿಸ್ಕುಗಳನ್ನು ಸೇರಿಸಿ ಇಂಥ ಏರ್ಪಾಡು ಮಾಡುವುದಕ್ಕೆ ೧೯೮೮ರಲ್ಲಿ ಬರ್ಕ್ಲಿಯ ಮೂವರು ವಿದ್ವಾಂಸರು ರೇಡ್ ಎಂದು ಹೆಸರಿಟ್ಟರು. ಒಳ್ಳೆಯದೇ. ಒಂದು ಸತ್ತರೆ ಕೆಲಸ ನಿಲ್ಲುವುದಿಲ್ಲ. ಆದರೆ ಇದು ಕಾರ್ಬನ್ ಕಾಗದವಿಟ್ಟು ಬರೆದಂತೆ. ಮೇಲಿನ ಹಾಳೆಯಲ್ಲಿ ತಪ್ಪು ಬರೆದರೆ ಕೆಳಗೂ ಅದೇ ತಪ್ಪು. ಮೇಲೆ ಹೊಡೆದು ಹಾಕಿದರೆ ಕೆಳಗೂ ಹೊಡೆದು ಹೋಯಿತು. ಮಗು ಫೋನು ಹಿಡಿದು ಒಂದು ಫೋಲ್ಡರು ಅಳಿಸಿದರೆ ಎರಡು ಡಿಸ್ಕಿನಿಂದಲೂ ಅದು ಅಳಿಯುತ್ತದೆ. ಮೇಲಾಗಿ ಎರಡನ್ನೂ ನಾವು ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡಿರುತ್ತೇವೆ. ಎರಡಕ್ಕೂ ಒಂದೇ ವಯಸ್ಸು. ಒಂದು ಸತ್ತು ಹೊಸದನ್ನು ಕೂರಿಸಿದಾಗ, ಉಳಿದ ಮುದುಕನು ತನ್ನನ್ನು ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿಗೆ ಓದಿ ಒಪ್ಪಿಸಬೇಕು. ಜೀವಮಾನದಲ್ಲಿ ಮಾಡದ ದುಡಿಮೆಯನ್ನು ಅವನು ಮುಪ್ಪಿನಲ್ಲಿ ಮಾಡಬೇಕಾಗುತ್ತದೆ.

ಇಂಥ ಪೆಟ್ಟಿಗೆಗಳಿಗೆ ಇನ್ನೊಂದು ಮುಪ್ಪು ಉಂಟು. ಕಬ್ಬಿಣ ಗಟ್ಟಿಯಿದ್ದರೂ ಒಳಗಿನ ಪ್ರೋಗ್ರಾಮು ಹಳೆಯದಾಗುತ್ತದೆ. ೨೦೨೧ರ ಜೂನಿನಲ್ಲಿ ಒಂದು ಹೆಸರಾಂತ ಕಂಪನಿಯ ಹಳೆಯ ಮಾದರಿಯ ಮನೆಡಿಸ್ಕುಗಳನ್ನು ಇಟ್ಟುಕೊಂಡಿದ್ದ ಹಲವು ದೇಶಗಳ ಜನ ಬೆಳಗೆದ್ದು ನೋಡಿದರೆ ಎಲ್ಲ ಖಾಲಿ. ಇಂಟರ್ನೆಟ್ಟಿನ ಮೂಲಕ ಯಾರೋ ನುಗ್ಗಿ ಅವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದಿಟ್ಟಿದ್ದರು. ಕಂಪನಿ ೨೦೧೫ರಿಂದಲೇ ಆ ಮಾದರಿಗೆ ತೇಪೆ ಹಾಕುವುದನ್ನು ನಿಲ್ಲಿಸಿತ್ತು. ಡಿಸ್ಕುಗಳಿಗೆ ಏನೂ ರೋಗವಿರಲಿಲ್ಲ. ಹೊಸ ಕಂಪ್ಯೂಟರಿಗೆ ಹಳೆಯ ಪೆಟ್ಟಿಗೆ ಕಾಣುವುದಿಲ್ಲ ಎಂಬ ದೂರು ನಿಮ್ಮಲ್ಲಿ ಕೆಲವರಿಗಿದೆ. ಅದಕ್ಕೂ ಇದೇ ಜಾತಿಯ ಕಾರಣವಿರಬಹುದು: ಹಳೆಯ ಪೆಟ್ಟಿಗೆ ಮಾತನಾಡುವ ಎಸ್‌ಎಂಬಿ ಒಂದು ಎಂಬ ಹಳೆಯ ಭಾಷೆಯನ್ನು ವಿಂಡೋಸು ೨೦೧೭ರ ಕೊನೆಯಿಂದ ತಾನಾಗಿ ಕೂರಿಸುವುದಿಲ್ಲ. ಆ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಆ ಭಾಷೆಯ ಬಿರುಕಿನಿಂದಲೇ ಹಬ್ಬಿತ್ತು. ಯಾರೋ ಹೇಳಿದರೆಂದು ಅದನ್ನು ಮತ್ತೆ ತೆರೆದಿಡಬೇಡಿ. ಒಳಗಿನ ಡಿಸ್ಕನ್ನು ಬೇರೆಡೆಗೆ ನಕಲು ಮಾಡಿ, ಪೆಟ್ಟಿಗೆಗೆ ನಮಸ್ಕಾರ ಹೇಳಿ. ಅದನ್ನು ಇಟ್ಟುಕೊಳ್ಳಲೇಬೇಕೆಂದರೆ ಹೊರಗಿನ ಇಂಟರ್ನೆಟ್ಟಿನಿಂದ ಅದರೊಳಗೆ ಬರುವ ದಾರಿಯನ್ನಾದರೂ ಮುಚ್ಚಿಸಿ.

ಒಟ್ಟಿನಲ್ಲಿ ಬೇಕಾದದ್ದು ಬೇರೆ ಬೇರೆಯಾಗಿ ನಿಂತ ಪ್ರತಿಗಳು. ಅಮೆರಿಕದ ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಒಂದು ಲೆಕ್ಕವನ್ನು ಈಗ ಎಲ್ಲ ಕಡೆ ಹೇಳುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಬೇರೆ ಊರಿನಲ್ಲಿ ಏಕೆ ಎಂದು ಮುಂಬಯಿಯವರಿಗೆ ವಿವರಿಸಬೇಕಿಲ್ಲ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ಬಿತ್ತು. ಆ ದಿನ ನೆಲಮಾಳಿಗೆಯಲ್ಲಿದ್ದ ಎರಡು ಪ್ರತಿಗಳು ಎರಡೂ ಮುಳುಗುತ್ತಿದ್ದವು.

ಬೇರೆಯವರಿಗೆ ಈ ಬೇರೆ ಊರಿನ ವ್ಯವಸ್ಥೆ ಕಷ್ಟ. ನಮಗೆ ಅದು ಹುಟ್ಟಿನಿಂದಲೇ ಇದೆ! ಎರಡು ಮನೆ ನಡೆಸುವ ಸಂಕಟವನ್ನು ದಿನಾಲೂ ಹೇಳಿಕೊಳ್ಳುವ ನಾವು ಅದರ ಈ ಒಂದು ಲಾಭವನ್ನು ಪಡೆಯದೆ ಏಕಿರಬೇಕು? ನಾನು ಈಗ ಮಾಡುವುದು ಇಷ್ಟೇ. ನನ್ನ ಬಳಿ ಒಂದೇ ಅಳತೆಯ ಎರಡು ಡಿಸ್ಕುಗಳಿವೆ. ಚೌತಿಗೆ ಊರಿಗೆ ಹೋಗುವಾಗ ಒಂದಕ್ಕೆ ಎಲ್ಲವನ್ನೂ ನಕಲು ಮಾಡಿ ಒಯ್ಯುತ್ತೇನೆ. ಊರಿನ ಕಪಾಟಿನಲ್ಲಿ ಹೋದ ಸಲ ಇಟ್ಟದ್ದನ್ನು ತರುತ್ತೇನೆ. ಬೇಸಿಗೆ ರಜೆಗೆ ಮತ್ತೆ ಅದಲು ಬದಲು. ಹೀಗೆ ಎರಡೂ ವರ್ಷಕ್ಕೊಮ್ಮೆ ಓಡಿದಂತಾಯಿತು, ಪರೀಕ್ಷೆಯೂ ಆಯಿತು. ಬಸ್ಸಿನ ಡಿಕ್ಕಿಗೆ ಹಾಕಬಾರದು. ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಡಬೇಕು. ಕರಾವಳಿಯವರು ಮಳೆಗಾಲದ ತೇವಕ್ಕಾಗಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾದ ಪುಡಿಕೆ ಹಾಕಿಡಬೇಕು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುತ್ತದಲ್ಲ, ಅದೇ. ಜಮೀನಿನ ಪಹಣಿ, ಪಾಸುಬುಕ್ಕು ಮುಂತಾದುವು ಅದರಲ್ಲಿದ್ದರೆ ಗುಪ್ತಪದ ಹಾಕಿರಿ, ಆ ಗುಪ್ತಪದವನ್ನು ಮನೆಯಾಕೆಗೂ ಹೇಳಿರಿ. ನಾವು ಹೋದ ಮೇಲೆ ತೆರೆಯಲಾಗದ ಡಿಸ್ಕು ಸತ್ತ ಡಿಸ್ಕಿಗಿಂತ ಬೇರೆಯಲ್ಲ.

ಎರಡನೆಯ ಬಗೆಯ ಸಾಧನವೆಂದು ಕೆಲವರು ಇಂಟರ್ನೆಟ್ಟಿನಲ್ಲಿಡುತ್ತಾರೆ. ಇಡಬಹುದು, ಆದರೆ ಅದು ಬಾಡಿಗೆ ಮನೆ. ಫೋಟೋಗಳನ್ನು ಎಷ್ಟಾದರೂ ಪುಕ್ಕಟೆ ಇಡಿ ಎಂದಿದ್ದ ಗೂಗಲ್ಲಿನವರು ೨೦೨೧ರ ಜೂನ್ ೧ರಿಂದ ಅದನ್ನು ನಿಲ್ಲಿಸಿ, ೧೫ ಗಿಗಾಬೈಟಿನ ಮೇಲೆ ಹಣ ಕೇಳಲಾರಂಭಿಸಿದರು. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನೂ ೨೦೨೩ರ ಡಿಸೆಂಬರಿನಿಂದ ಜಾರಿಗೆ ತಂದರು. ಪೆನ್‌ಡ್ರೈವನ್ನು ಪೆಟ್ಟಿಗೆಯಲ್ಲಿಟ್ಟು ಹತ್ತು ವರ್ಷ ಮರೆಯುವುದೂ ಬೇಡ. ಅದರಲ್ಲಿ ಬರಹ ನಿಂತಿರುವುದು ಹಿಡಿದಿಟ್ಟ ವಿದ್ಯುತ್ತಿನ ಕಣಗಳ ಮೇಲೆ, ಅವು ಕಾಲಕ್ರಮದಲ್ಲಿ ಸೋರುತ್ತವೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯೂ ಅದೇ ಕುಲದ್ದು. ಅದು ಸದ್ದು ಮಾಡಿ ಎಚ್ಚರಿಸುವುದೂ ಇಲ್ಲ.

ನಕಲು ಮಾಡುವಾಗ ಎಷ್ಟು ಹೊತ್ತು ಬೇಕೆಂದು ಮೊದಲೇ ತಿಳಿದಿರಬೇಕು. ಹಳೆಯ ರೌಟರುಗಳಲ್ಲಿ ತಂತಿಯ ವೇಗ ಸೆಕೆಂಡಿಗೆ ೧೦೦ ಮೆಗಾಬಿಟ್. ಎಂದರೆ ಹೆಚ್ಚೆಂದರೆ ೧೧–೧೨ ಮೆಗಾಬೈಟು. ಒಂದು ಟೆರಾಬೈಟಿಗೆ ಒಂದು ದಿನ ಒಂದು ರಾತ್ರಿ ಹಿಡಿಯುತ್ತದೆ. ಭಾನುವಾರ ರಾತ್ರಿ ಒಂಬತ್ತಕ್ಕೆ ಹಚ್ಚಿ, ಸೋಮವಾರ ಕೆಲಸಕ್ಕೆ ಹೊರಡುವಾಗ ಅರ್ಧದಲ್ಲಿ ಕಿತ್ತು, ಎಲ್ಲ ಬಂದಿರಬೇಕೆಂದು ಹಳೆಯದನ್ನು ಅಳಿಸಿದವರುಂಟು. ನೇರವಾಗಿ ನೀಲಿ ಬಾಯಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಮೂರು-ನಾಲ್ಕು ಗಂಟೆ ಸಾಕಾಗಬಹುದು. ಸಣ್ಣ ಸಣ್ಣ ಫೈಲುಗಳು ಲಕ್ಷಗಟ್ಟಲೆ ಇದ್ದರೆ ಇನ್ನೂ ಹೆಚ್ಚು. ಮುಗಿದ ಮೇಲೆ ಹೊಸ ಪ್ರತಿಯಿಂದ ಅಲ್ಲಲ್ಲಿ ಕೆಲವು ಫೈಲುಗಳನ್ನು ತೆರೆದು ಕೊನೆಯ ತನಕ ನೋಡಿ. ವಿಡಿಯೋವಾದರೆ ಕೊನೆಯ ತನಕ ಎಂಬುದನ್ನು ಒತ್ತಿ ಹೇಳುತ್ತೇನೆ.

ಇನ್ನು, ಡಿಸ್ಕು ಸಾಯಲು ಹೊರಟಿತು ಎಂದಾದಾಗ. ನಾನು ಮಾಡಿದ್ದನ್ನು ಮಾಡಬೇಡಿ. ಟಕ್ ಟಕ್ ಎಂದರೆ ಆ ಕ್ಷಣವೇ ಆರಿಸಿ, ಮತ್ತೆ ಹಚ್ಚಲೇ ಬೇಡಿ. ಅದು ಹೆಡ್ಡಿನ ರೋಗವಿರಬಹುದು. ಹೆಡ್ಡು ತಟ್ಟೆಯನ್ನು ಕೆರೆಯುತ್ತಿದ್ದರೆ ಪ್ರತಿ ಸುತ್ತೂ ನಷ್ಟ. ಯಾವ ಪ್ರೋಗ್ರಾಮೂ ಅದಕ್ಕೆ ಮದ್ದಲ್ಲ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚುವವರ ಬಳಿಗೇ ಹೋಗಬೇಕು. ದರವನ್ನು ಮೊದಲೇ ಬರಹದಲ್ಲಿ ಕೇಳಬೇಕು. ಶೀತಕಪೆಟ್ಟಿಗೆಯಲ್ಲಿಡಿ ಎಂದು ಹೇಳುವವರ ಮಾತು ಕೇಳಬೇಡಿ. ತಟ್ಟೆಯ ಮೇಲೆ ನೀರಿನ ಪಸೆ ಕೂತೀತು. ಸದ್ದಿಲ್ಲದೆ ಅಲ್ಲಲ್ಲಿ ಓದಲಾಗದಿದ್ದರೆ ಮಾತ್ರ ನಾವು ಮಾಡಬಹುದಾದ ಕೆಲಸವಿದೆ. ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಪ್ರೋಗ್ರಾಮು, ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಎತ್ತಿಕೊಂಡು, ಕಷ್ಟದ ಪುಟಗಳಿಗೆ ಆಮೇಲೆ ಮರಳಿ ಬರುತ್ತದೆ. ಎಲ್ಲಿಗೆ ನಿಲ್ಲಿಸಿದೆನೆಂಬ ನಕ್ಷೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಮನೆಗೆ ಬೆಂಕಿ ಬಿದ್ದಾಗ ಮೊದಲು ಮಕ್ಕಳನ್ನು ಹೊರಗೆ ತಂದು, ಕಪಾಟಿನ ಬೀಗ ಆಮೇಲೆ ಒಡೆದಂತೆ. ಸರಿಪಡಿಸುವ ಪ್ರಯೋಗಗಳೆಲ್ಲ ಆ ನಕಲಿನ ಮೇಲೆ ನಡೆಯಲಿ, ಮೂಲದ ಮೇಲೆ ಬೇಡ.

ಹೊಸದನ್ನು ಕೊಳ್ಳುವಾಗ ಒಂದು ಮಾತು. ಬೆಲೆ ಯಾವಾಗಲೂ ಇಳಿಯುತ್ತದೆಂದು ಕಾಯಬೇಡಿ. ೨೦೧೧ರಲ್ಲಿ ಥಾಯ್ಲೆಂಡಿನ ಕಾರ್ಖಾನೆಗಳಿಗೆ ನೆರೆ ನುಗ್ಗಿದಾಗ ಇಲ್ಲಿಯೂ ಡಿಸ್ಕಿನ ಬೆಲೆ ಏರಿತ್ತು. ತಂದ ದಿನವೇ ೯ನೆಯ ಬಾಬು ನೋಡಿ, ಹೊಸದಕ್ಕೆ ಸೊನ್ನೆಯ ಆಸುಪಾಸಿನಲ್ಲಿರಬೇಕು. ಅದನ್ನೂ ತಿದ್ದಿ ಹಳೆಯದನ್ನು ಹೊಸದೆಂದು ಮಾರಿದ ಪ್ರಕರಣಗಳು ೨೦೨೫ರಲ್ಲಿ ಜರ್ಮನಿಯಲ್ಲಿ ಬಯಲಾದವು. ಆದುದರಿಂದ ಬಿಲ್ಲು ಬಿಡಬೇಡಿ.

ನಮ್ಮ ಖೋಲಿಯ ಆ ಡಿಸ್ಕನ್ನು ಕೊನೆಗೆ ನಾನೇ ಬಿಚ್ಚಿದೆ. ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂಚಿನ ಹತ್ತಿರ ಕೂದಲೆಳೆಯಷ್ಟು ಒಂದು ಬಳೆಗೆರೆ. ತೋಳಿನ ಬುಡದಲ್ಲಿ ಎರಡು ಅಯಸ್ಕಾಂತಗಳಿದ್ದವು, ಬೆರಳು ಸಿಕ್ಕಿದರೆ ನೋಯುವಷ್ಟು ಬಲ. ನನ್ನ ಹಿಂದಿನ ಸೂಚನಾ ಫಲಕದಲ್ಲಿ ರೈಲಿನ ವೇಳಾಪಟ್ಟಿಯನ್ನು ಹಿಡಿದಿರುವುದು ಅವೇ.

ಈಗ ವಾಚನಾಲಯದ ಡಿಸ್ಕಿನ ವಿಷಯ. ಕಳೆದ ತಿಂಗಳು ೫ನೆಯ ಬಾಬು ೨೪, ೧೯೭ನೆಯದು ೮ ಇತ್ತು. ಹದಿನೈದು ದಿನ ಬಿಟ್ಟು ನೋಡಿದಾಗ ೪೦ ಮತ್ತು ೧೬. ಅಂದೇ ಆ ಕಂಪ್ಯೂಟರನ್ನು ಆರಿಸಿಬಿಟ್ಟೆವು. ಪತ್ರಿಕೆಯ ಮೇಜಿನ ಮೇಲೆ ಅದು ಮುಚ್ಚಿರುವುದಕ್ಕೆ ಕಾರಣ ಅದು, ವಿದ್ಯುತ್ ಬಿಲ್ಲಲ್ಲ. ಮೂವರು ಸದಸ್ಯರು ಕೊಟ್ಟ ಹಣದಲ್ಲಿ ಎರಡು ಹೊಸ ಡಿಸ್ಕು ಬಂದಿವೆ, ಬೇರೆ ಬೇರೆ ಅಂಗಡಿಯಿಂದ. ನಿನ್ನೆ ಶನಿವಾರ ನಕಲು ಮುಗಿಯಿತು. ಹನ್ನೊಂದು ಫೈಲುಗಳಷ್ಟೇ ಬಂದಿಲ್ಲ ಎಂದು ಪ್ರೋಗ್ರಾಮು ಹೇಳುತ್ತಿದೆ. ಅವು ಯಾವ ಸಂಚಿಕೆಯ ಯಾವ ಪುಟಗಳು ಎಂಬ ಪಟ್ಟಿಯನ್ನು ಇವತ್ತೇ ಫಲಕಕ್ಕೆ ಹಚ್ಚಿದ್ದೇನೆ. ಹಳೆಯ ಸದಸ್ಯರ ಮನೆಗಳಲ್ಲಿ ಆ ಸಂಚಿಕೆಗಳ ಕಾಗದದ ಪ್ರತಿ ಇದ್ದರೆ ಒಂದು ವಾರಕ್ಕೆ ಎರವಲು ಕೊಡಬೇಕು. ಬಂದವು ಎಂದು ಅದು ಹೇಳುವ ಉಳಿದ ಪುಟಗಳನ್ನೂ ಕಣ್ಣಿನಿಂದ ನೋಡಬೇಕಾಗಿದೆ. ಒಬ್ಬೊಬ್ಬರು ಒಂದೊಂದು ವರ್ಷದ ಸಂಪುಟ ವಹಿಸಿಕೊಂಡರೆ ಎರಡು ಭಾನುವಾರದ ಕೆಲಸ. ಹೆಸರು ಬರೆಯುವ ಪುಸ್ತಕ ಗ್ರಂಥಪಾಲರ ಮೇಜಿನ ಮೇಲಿದೆ. ಒಂದು ಡಿಸ್ಕು ಇಲ್ಲಿರುತ್ತದ��. ಇನ್ನೊಂದನ್ನು ಕಾರ್ಯದರ್ಶಿಗಳು ಚೌತಿಗೆ ಊರಿಗೆ ಹೋಗುವಾಗ ಒಯ್ಯಲು ಒಪ್ಪಿದ್ದಾರೆ.

ಮುಂದಿನ ಭಾನುವಾರ ನಾಲ್ಕು ಗಂಟೆಯಿಂದ ನಾನು ಕಿಟಕಿಯ ಬಳಿಯ ಬೆಂಚಿನಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಕೂತಿರುತ್ತೇನೆ. ನಿಮ್ಮ ನಿಮ್ಮ ಖೋಲಿಯ, ಮನೆಯ ಡಿಸ್ಕುಗಳನ್ನು ತನ್ನಿ, ಲೆಕ್ಕ ನೋಡಿ ಹೇಳುತ್ತೇನೆ. ಕಾಸಿಲ್ಲ. ಕುಂದಾಪುರದ ನಮ್ಮ ಆ ಹುಡುಗನೂ ಬರುತ್ತಾನೆ. ಈಗ ಈ ಕೆಲಸ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಕೇಬಲನ್ನು ಮರೆಯದೆ ತನ್ನಿ. ಎಲ್ಲ ಡಿಸ್ಕಿಗೂ ಒಂದೇ ಕೇಬಲು ಹೊಂದುವುದಿಲ್ಲ.